ಅವ್ವನಿಗೆ ಬರೀ ಜ್ವರದ ಮಾತ್ರೆ, ಲೈನ್ ಮನೆ ಹುಡುಗನಿಗೆ ಆ್ಯಂಟಿಬಯಾಟಿಕ್. ಜ್ವರ ಇಬ್ಬರಿಗೂ ಬಂದಿತ್ತು, ಯಾಕೆ ಹೀಗೆ?

ನಾಪೋಕ್ಲು ತೋಟದವನು:

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಸ್ವಲ್ಪ ಗದ್ದೆಯೂ ಇದೆ. ಈ ವಾರ ನಮ್ಮಲ್ಲಿ ಇಬ್ಬರಿಗೆ ಒಟ್ಟಿಗೆ ಜ್ವರ ಬಂತು. ಇಬ್ಬರನ್ನೂ ಒಬ್ಬರೇ ಡಾಕ್ಟರ್ ನೋಡಿದರು. ಔಷಧಿ ಮಾತ್ರ ಬೇರೆ ಬೇರೆ.

ಅವ್ವನಿಗೆ 68 ವಯಸ್ಸು. ಗಂಟಲು ನೋವು, ಮೂಗು ಸೋರುತ್ತಿದೆ, ಕೆಮ್ಮು, ಸಣ್ಣ ಜ್ವರ. ಡಾಕ್ಟರ್ ಗಂಟಲಿಗೆ ಟಾರ್ಚ್ ಬಿಟ್ಟು ನೋಡಿದರು, ಎದೆ ಪರೀಕ್ಷೆ ಮಾಡಿದರು. ಪ್ಯಾರಾಸಿಟಮಾಲ್ ಬರೆದರು, ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಿ ಅಂದರು. ಅಷ್ಟೇ.

ತೋಟದ ಕೆಲಸದವರು ಇರುವ ಲೈನ್ ಮನೆಯ ಹುಡುಗ ನಾಟಿ ಕೆಲಸಕ್ಕೆ ಗದ್ದೆಗೆ ಇಳಿದಿದ್ದ. ಕಾಲಿನಲ್ಲಿ ಜಿಗಣೆ ಕಚ್ಚಿದ ಗಾಯ ಬೇರೆ ಇತ್ತು. ಅವನಿಗೆ ಜೋರು ಜ್ವರ, ತಲೆನೋವು, ಕಣ್ಣು ಕೆಂಪು. ಮೀನಖಂಡ ಮುಟ್ಟಿದರೆ ಕಿರುಚುತ್ತಿದ್ದ. ಇಲಿ ಜ್ವರ ಇರಬಹುದು ಅಂತ ರಕ್ತ ತೆಗೆದರು. ರಿಪೋರ್ಟ್ ಬರುವ ಮೊದಲೇ ಡಾಕ್ಸಿಸೈಕ್ಲಿನ್ 100 ಶುರು ಮಾಡಿದರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಏಳು ದಿನ.

ಈಗ ಅವ್ವನಿಗೆ ಬೇಜಾರು. "ಅವನಿಗೆ ಪವರ್ ಇರೋದು ಕೊಟ್ಟರು, ನನಗೆ ಸುಮ್ನೆ ಜ್ವರದ ಮಾತ್ರೆ ಕೊಟ್ಟು ಕಳಿಸಿದರು" ಅನ್ನುತ್ತಾರೆ. ಮನೆಯಲ್ಲಿ ಹಳೆಯ ಅಜಿತ್ರೋಮೈಸಿನ್ 500 ಎರಡು ಮಾತ್ರೆ ಉಳಿದಿವೆ. 500 ಅಂದರೆ 100ಕ್ಕಿಂತ ಒಳ್ಳೆಯದೇ ಅಲ್ವಾ, ಅದನ್ನೇ ತಗೊಳ್ತೇನೆ ಅಂತ ಹಟ.

ಹುಡುಗನದು ಇನ್ನೊಂದು ಕಥೆ. ಮೂರನೇ ದಿನಕ್ಕೇ ಜ್ವರ ಇಳಿದಿದೆ. ಉಳಿದ ಮಾತ್ರೆ ಎತ್ತಿಟ್ಟುಕೊಂಡು, ಅಸ್ಸಾಮಿಗೆ ಹೋಗುವಾಗ ತಮ್ಮನಿಗೆ ಕೊಡುತ್ತಾನಂತೆ.

ಇಬ್ಬರಿಗೂ ಏನು ಹೇಳಬೇಕು? ಮತ್ತೆ ನನಗೇ ಒಂದು ಕುತೂಹಲ. ನುಂಗಿದ ಮಾತ್ರೆಗೆ ಯಾವುದು ರೋಗಾಣು, ಯಾವುದು ನಮ್ಮ ಮೈ ಅಂತ ಹೇಗೆ ಗೊತ್ತಾಗುತ್ತದೆ?

ಸೋಮವಾರಪೇಟೆ ಮಂಜು:

ನಮ್ಮ ಮನೆಯಲ್ಲಿ ಗಂಟಲು ನೋವು ಬಂದರೆ ಅಜಿತ್ರೋ ಮೂರು ದಿನ ತಗೊಳ್ತೇವೆ. ನಾಲ್ಕೈದು ದಿನದಲ್ಲಿ ಪೂರ್ತಿ ವಾಸಿ. ಏನೂ ತೊಂದರೆ ಆಗಿಲ್ಲ. ವಯಸ್ಸಾದವರು ಪಾಪ, ಕೊಡಿ ಅಣ್ಣ.

ಗೋಣಿಕೊಪ್ಪ ಮೆಡಿಕಲ್ ಅಕ್ಕ:

ನಾನು ಗೋಣಿಕೊಪ್ಪದಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ, ಫಾರ್ಮಸಿಸ್ಟ್. ಮಳೆಗಾಲ ಶುರುವಾದ ಮೇಲೆ ಇದೇ ಮಾತನ್ನು ಕೌಂಟರಿನಲ್ಲಿ ಹೇಳುತ್ತಲೇ ಇರುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಮಂಜು ಅವರ ಮಾತು. ಸಾಮಾನ್ಯ ಶೀತದ ಗಂಟಲು ನೋವು ಔಷಧಿ ಇಲ್ಲದೆಯೂ ನಾಲ್ಕೈದು ದಿನ, ಹೆಚ್ಚೆಂದರೆ ಒಂದು ವಾರದಲ್ಲಿ ಕಡಿಮೆಯಾಗುತ್ತದೆ. ಮಾತ್ರೆ ತಗೊಂಡರೂ ಅಷ್ಟೇ ದಿನ. ಕೊನೆಗೆ ಹೆಸರು ಮಾತ್ರೆಗೆ ಹೋಗುತ್ತದೆ, ಮುಂದಿನ ಸಲ ಮತ್ತೆ ಅದನ್ನೇ ಕೇಳುತ್ತೇವೆ. ಕೊರೊನಾ ಸಮಯದಲ್ಲೂ ಹೀಗೇ ಆಯಿತು. ಊರಿಗೆ ಊರೇ ಅಜಿತ್ರೋಮೈಸಿನ್ ನುಂಗಿತು. ಬ್ರಿಟನ್ನಿನಲ್ಲಿ ರಿಕವರಿ ಅನ್ನುವ ದೊಡ್ಡ ಪ್ರಯೋಗ ಮಾಡಿ ನೋಡಿದರು. ಆಸ್ಪತ್ರೆಗೆ ಸೇರಿದ ಕೋವಿಡ್ ರೋಗಿಗಳಿಗೆ ಅಜಿತ್ರೋಮೈಸಿನ್ ಕೊಟ್ಟರೂ ಕೊಡದಿದ್ದರೂ ಫಲಿತಾಂಶ ಒಂದೇ. ಯಾಕೆಂದರೆ ಕೋವಿಡ್ ವೈರಸ್‌ನಿಂದ ಬರುವುದು.

ಈಗ ನಿಮ್ಮ ಕುತೂಹಲಕ್ಕೆ ಬರುತ್ತೇನೆ. ಅದು ಗೊತ್ತಾದರೆ ಉಳಿದದ್ದೆಲ್ಲ ಸುಲಭ.

ಬ್ಯಾಕ್ಟೀರಿಯಾ ಅಂದರೆ ಒಂದೇ ಕೋಶದ ಜೀವಿ. ನಮ್ಮ ಮೈಯ ಕೋಶಕ್ಕೂ ಅದಕ್ಕೂ ಕೆಲವು ವ್ಯತ್ಯಾಸ ಇದೆ. ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಆ ವ್ಯತ್ಯಾಸದ ಮೇಲೆ. ಬಹಳಷ್ಟು ಬ್ಯಾಕ್ಟೀರಿಯಾಕ್ಕೆ ಹೊರಗೆ ಒಂದು ಗಟ್ಟಿ ಗೋಡೆ ಇರುತ್ತದೆ. ನಮ್ಮ ಕೋಶಕ್ಕೆ ಗೋಡೆ ಇಲ್ಲ, ತೆಳು ಪೊರೆ ಮಾತ್ರ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ಇವೆಲ್ಲ ಆ ಗೋಡೆ ಕಟ್ಟುವ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತವೆ. ಬ್ಯಾಕ್ಟೀರಿಯಾ ಬೆಳೆದು ಎರಡಾಗಬೇಕಾದರೆ ಹೊಸ ಗೋಡೆ ಬೇಕು. ಅದು ಸಿಗುವುದಿಲ್ಲ. ಒಳಗಿನ ಒತ್ತಡಕ್ಕೆ ಒಡೆದು ಸಾಯುತ್ತದೆ. ನಮ್ಮ ಕೋಶದಲ್ಲಿ ಆ ಗೋಡೆಯೇ ಇಲ್ಲದ ಕಾರಣ ಅದಕ್ಕೆ ಏನೂ ಆಗುವುದಿಲ್ಲ.

ಹುಡುಗನಿಗೆ ಕೊಟ್ಟ ಡಾಕ್ಸಿಸೈಕ್ಲಿನ್ ದಾರಿ ಬೇರೆ. ಪ್ರತಿ ಕೋಶದಲ್ಲೂ ಪ್ರೋಟೀನ್ ತಯಾರಾಗುವ ಜಾಗ ಇದೆ, ರೈಬೋಸೋಮ್ ಅಂತ. ಬ್ಯಾಕ್ಟೀರಿಯಾದ ರೈಬೋಸೋಮ್ ನಮ್ಮದಕ್ಕಿಂತ ಸಣ್ಣದು, ಆಕಾರವೂ ಬೇರೆ. ಡಾಕ್ಸಿ ಹೋಗಿ ಅದಕ್ಕೆ ಕೂರುತ್ತದೆ. ಪ್ರೋಟೀನ್ ತಯಾರಾಗುವುದು ನಿಲ್ಲುತ್ತದೆ, ಬ್ಯಾಕ್ಟೀರಿಯಾ ಹೆಚ್ಚುವುದು ನಿಲ್ಲುತ್ತದೆ. ಗಮನಿಸಿ, ಡಾಕ್ಸಿ ಸಾಮಾನ್ಯವಾಗಿ ನೇರ ಕೊಲ್ಲುವ ಮಾತ್ರೆ ಅಲ್ಲ. ಬೆಳವಣಿಗೆ ತಡೆದು ನಿಲ್ಲಿಸುತ್ತದೆ. ಉಳಿದ ಕೆಲಸ ನಮ್ಮ ರಕ್ತದ ಬಿಳಿ ಕಣಗಳದ್ದು. ಅಜಿತ್ರೋಮೈಸಿನ್ ಕೂಡ ರೈಬೋಸೋಮ್‌ಗೇ ಹೋಗುತ್ತದೆ, ಕೂರುವ ಭಾಗ ಬೇರೆ. ಸಿಪ್ರೊಫ್ಲಾಕ್ಸಸಿನ್ ಗುಂಪು ಬ್ಯಾಕ್ಟೀರಿಯಾದ ಡಿಎನ್‌ಎ ನಕಲಾಗುವುದನ್ನು ತಡೆಯುತ್ತದೆ. ಸಲ್ಫಾ ಮಾತ್ರೆ ಇನ್ನೊಂದು ರೀತಿ. ಬ್ಯಾಕ್ಟೀರಿಯಾ ತನಗೆ ಬೇಕಾದ ಫೋಲೇಟ್ ಅನ್ನುವ ವಿಟಮಿನ್ನನ್ನು ತಾನೇ ಮಾಡಿಕೊಳ್ಳಬೇಕು, ಅದಕ್ಕೆ ಸಲ್ಫಾ ಅಡ್ಡ ಬರುತ್ತದೆ. ನಮಗೆ ಫೋಲೇಟ್ ಸೊಪ್ಪು, ಕಾಳಿನಿಂದ ಸಿಗುತ್ತದೆ, ಹಾಗಾಗಿ ನಮಗೆ ಆ ತೊಂದರೆ ಇಲ್ಲ.

ವೈರಸ್‌ಗೆ ಈ ಯಾವುದೂ ಇಲ್ಲ. ಗೋಡೆ ಇಲ್ಲ, ಸ್ವಂತ ರೈಬೋಸೋಮ್ ಇಲ್ಲ. ನಮ್ಮ ಕೋಶದ ಒಳಗೆ ಹೊಕ್ಕು ನಮ್ಮದನ್ನೇ ಬಳಸಿಕೊಳ್ಳುತ್ತದೆ. ನೀವು ತೋಟದವರು, ನಿಮಗೆ ಒಂದೇ ಮಾತಿನಲ್ಲಿ ಹೇಳಬಹುದು. ಎಲೆ ತುಕ್ಕು, ಕೊಳೆ ರೋಗ ತರುವ ಬೂಷ್ಟಿಗೆ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಅದೇ ಬೋರ್ಡೋ ಎಷ್ಟು ಗಟ್ಟಿ ಮಾಡಿ ಹೊಡೆದರೂ ಅರೇಬಿಕಾ ಗಿಡದ ಒಳಗೆ ಕೂತ ಬೋರರ್ ಹುಳ ಸಾಯುತ್ತಾ? ಅವ್ವನ ಶೀತಕ್ಕೆ ಅಜಿತ್ರೋ ಕೊಡುವುದೂ ಅಷ್ಟೇ.

ಆದ್ದರಿಂದ ಪವರ್ ಅನ್ನುವ ಲೆಕ್ಕವನ್ನೇ ಬಿಡಬೇಕು. ಆ್ಯಂಟಿಬಯಾಟಿಕ್‌ನಲ್ಲಿ ನೋಡಬೇಕಾದ್ದು ಒಂದೇ. ಇಲ್ಲಿರುವ ರೋಗಾಣುವಿಗೆ ಈ ಮಾತ್ರೆ ತಾಗುತ್ತದಾ, ಇಲ್ಲವಾ? 500, 100 ಅನ್ನುವುದು ಆ ಮಾತ್ರೆಯಲ್ಲಿರುವ ಔಷಧಿಯ ತೂಕ, ಮಿಲಿಗ್ರಾಂನಲ್ಲಿ. ಒಂದೊಂದು ಔಷಧಿಗೆ ಬೇಕಾದ ತೂಕ ಒಂದೊಂದು. ಡಾಕ್ಸಿ 100 ಪೂರ್ತಿ ಡೋಸ್. ಅದನ್ನು ಅಜಿತ್ರೋ 500ರ ಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥ ಇಲ್ಲ.

ಇಲಿ ಜ್ವರಕ್ಕೆ ಡಾಕ್ಟರ್ ರಿಪೋರ್ಟ್‌ಗೆ ಕಾಯದೆ ಮಾತ್ರೆ ಕೊಟ್ಟದ್ದು ಬಹಳ ಸರಿ. ಇದು ಲೆಪ್ಟೊಸ್ಪೈರಾ ಅನ್ನುವ, ಸುರುಳಿ ಆಕಾರದ ಬ್ಯಾಕ್ಟೀರಿಯಾ. ಇಲಿ ಮೂತ್ರ ಸೇರಿದ ನೀರು, ಕೆಸರಿನಿಂದ ಬರುತ್ತದೆ. ಚರ್ಮದಲ್ಲಿ ಸಣ್ಣ ಗಾಯ ಇದ್ದರೆ ಸಾಕು, ಒಳಗೆ ಹೋಗುತ್ತದೆ. ನಾಟಿ ಗದ್ದೆ, ಜಿಗಣೆ ಕಚ್ಚಿದ ಕಾಲು, ಮೀನಖಂಡ ನೋವು, ಕೆಂಪು ಕಣ್ಣು, ಇಷ್ಟು ಕೇಳಿದರೆ ಕೊಡಗಿನಲ್ಲಿ ಕೆಲಸ ಮಾಡುವ ಯಾವ ಡಾಕ್ಟರಿಗೂ ಮೊದಲು ಇಲಿ ಜ್ವರದ ಯೋಚನೆಯೇ ಬರುತ್ತದೆ. ರಕ್ತದಲ್ಲಿ ಸಾಮಾನ್ಯವಾಗಿ ನೋಡುವುದು ನಮ್ಮ ದೇಹ ತಯಾರಿಸಿದ ಪ್ರತಿಕಾಯ. ಅದು ಮೊದಲ ವಾರದಲ್ಲಿ ಕಾಣದೇ ಇರಬಹುದು. ಕಾಯುತ್ತಾ ಕೂತರೆ ಕೆಲವರಿಗೆ ಕಿಡ್ನಿ, ಲಿವರ್, ಶ್ವಾಸಕೋಶಕ್ಕೆ ಹೋಗುತ್ತದೆ. ಆಮೇಲೆ ಮಾತ್ರೆ ಸಾಲುವುದಿಲ್ಲ, ಆಸ್ಪತ್ರೆಯಲ್ಲಿ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಬೇಕಾಗುತ್ತದೆ. ಹುಡುಗನಿಗೆ ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ಒಂದು ಗಂಟೆಯೂ ತಡ ಮಾಡಬೇಡಿ.

ಡಾಕ್ಸಿ ನುಂಗುವ ರೀತಿಯೂ ಮುಖ್ಯ. ಒಂದು ದೊಡ್ಡ ಲೋಟ ನೀರಿನ ಜೊತೆ, ಕೂತುಕೊಂಡೇ ನುಂಗಬೇಕು. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು. ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡುತ್ತದೆ. ಲೈನ್ ಮನೆಯ ಹುಡುಗರು ರಾತ್ರಿ ಊಟ ಮುಗಿಸಿ, ಮಾತ್ರೆ ಬಾಯಿಗೆ ಹಾಕಿ ಹಾಗೇ ಮಲಗುತ್ತಾರೆ. ದಯವಿಟ್ಟು ಅವನ ಎದುರು ಕೂತು ಹೇಳಿ. ಹೊಟ್ಟೆ ತೊಳೆಸಿದರೆ ಊಟದ ಜೊತೆ ತಗೊಳ್ಳಬಹುದು. ಗ್ಯಾಸಿನ ಔಷಧಿ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಅದೇ ಹೊತ್ತಿಗೆ ಬೇಡ. ಅವು ಡಾಕ್ಸಿಯನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ.

ಉಳಿದ ಮಾತ್ರೆ ಎತ್ತಿಡುವ ವಿಷಯ. ಜ್ವರ ಇಳಿದರೆ ಬ್ಯಾಕ್ಟೀರಿಯಾ ಪೂರ್ತಿ ಹೋಯಿತು ಅಂತ ಅಲ್ಲ. ಈ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಯಾವಾಗಲೂ ಇರುವುದು ಆಲ್ಬರ್ಟ್ ಅಲೆಕ್ಸಾಂಡರ್ ಅನ್ನುವ ಪೊಲೀಸ್ ಪೇದೆ. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ಫ್ಲೋರಿ ಮತ್ತು ಚೇನ್ ಅನ್ನುವ ವಿಜ್ಞಾನಿಗಳ ತಂಡ ಪೆನಿಸಿಲಿನ್‌ನಿಂದ ಚಿಕಿತ್ಸೆ ಕೊಟ್ಟ ಮೊದಲ ರೋಗಿ ಅವರು. ಮುಖವೆಲ್ಲ ಕೀವು ತುಂಬಿತ್ತು, ಒಂದು ಕಣ್ಣು ಹೋಗಿತ್ತು. ಇಂಜೆಕ್ಷನ್ ಶುರುವಾದ ಮೇಲೆ ಜ್ವರ ಇಳಿಯಿತು, ಊಟ ಸೇರಿತು. ಆದರೆ ಆಗ ಪೆನಿಸಿಲಿನ್ ಇದ್ದದ್ದೇ ಅಷ್ಟು. ಅವರ ಮೂತ್ರದಿಂದ ಔಷಧಿಯನ್ನು ಮತ್ತೆ ಸೋಸಿ ತೆಗೆದು ಅವರಿಗೇ ಕೊಟ್ಟರು. ಅದೂ ಮುಗಿಯಿತು. ಉಳಿದಿದ್ದ ಬ್ಯಾಕ್ಟೀರಿಯಾ ಮತ್ತೆ ಹೆಚ್ಚಾಯಿತು, ಮಾರ್ಚ್‌ನಲ್ಲಿ ಅವರು ತೀರಿಹೋದರು. ಅವರಿಗೆ ಔಷಧಿಯೇ ಇರಲಿಲ್ಲ. ನಿಮ್ಮ ಹುಡುಗನ ಜೇಬಿನಲ್ಲಿ ಇದೆ. ಏಳು ದಿನ ಪೂರ್ತಿ ಮಾಡಿಸಿ.

ತಮ್ಮನಿಗೆ ಕೊಡುವುದಂತೂ ಬೇಡವೇ ಬೇಡ. ತಮ್ಮನಿಗೆ ಬರುವ ಜ್ವರ ಯಾವುದೋ, ವಯಸ್ಸು ಎಷ್ಟೋ. ಎಂಟು ವರ್ಷದ ಒಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಡಾಕ್ಸಿಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಡಾಕ್ಟರ್ ಅಗತ್ಯ ನೋಡಿ ಹೇಳಿದರೆ ಮಾತ್ರ.

ಅವ್ವನ ಹತ್ತಿರ ಇರುವ ಎರಡು ಅಜಿತ್ರೋ ಮಾತ್ರೆಯನ್ನು ಯಾರಿಗೂ ಕೊಡಬೇಡಿ. ಕೆಮ್ಮು, ಮೂಗು ಸೋರುವುದು ಎರಡೂ ಇದ್ದರೆ ಅದು ವೈರಸ್ ಆಗಿರುವ ಸಾಧ್ಯತೆಯೇ ಜಾಸ್ತಿ. ಕಫ ಹಸಿರಾದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕು ಅಂತಲೂ ಅಲ್ಲ. ಗಂಟಲಿನ ಬ್ಯಾಕ್ಟೀರಿಯಾ ಸೋಂಕು ಬೇರೆ ತರಹ ಇರುತ್ತದೆ. ಕೆಮ್ಮು ಇರುವುದಿಲ್ಲ, ಜ್ವರ ಜೋರು, ಟಾನ್ಸಿಲ್ ಮೇಲೆ ಬಿಳಿ ಕೀವು, ಕತ್ತಿನಲ್ಲಿ ನೋವಿನ ಗಂಟು. ಡಾಕ್ಟರ್ ಟಾರ್ಚ್ ಬಿಟ್ಟು ಹುಡುಕಿದ್ದು ಇದನ್ನೇ. ಆ ಸೋಂಕಿಗೆ ಪೆನಿಸಿಲಿನ್ ಗುಂಪಿನ ಮಾತ್ರೆಯನ್ನು ಹತ್ತು ದಿನ ಕೊಡುವ ಪದ್ಧತಿ ಇದೆ. ಯಾಕೆಂದರೆ ಅದನ್ನು ಬಿಟ್ಟರೆ ಮಕ್ಕಳಲ್ಲಿ ಮುಂದೆ ಹೃದಯದ ಕವಾಟಕ್ಕೆ ತೊಂದರೆ ಬರಬಹುದು. ಅವ್ವನಿಗೆ ಅದು ಇಲ್ಲ ಅಂತ ನೋಡಿದ ಮೇಲೆ ಬರೀ ಪ್ಯಾರಾಸಿಟಮಾಲ್ ಬರೆದಿದ್ದಾರೆ. ಅವರು ಸುಮ್ನೆ ಕಳಿಸಿಲ್ಲ, ಪರೀಕ್ಷೆ ಮಾಡಿ ಬೇಡ ಅಂದಿದ್ದಾರೆ. ಇದನ್ನು ಅವ್ವನಿಗೆ ಹೇಳಿ, ಬೇಜಾರು ಹೋಗಬಹುದು. ಜ್ವರ ಮೂರು ದಿನ ದಾಟಿದರೆ, ಉಸಿರಾಟ ಕಷ್ಟವಾದರೆ, ಮಂಕಾದರೆ ಮತ್ತೆ ತೋರಿಸಿ. ಅವರ ವಯಸ್ಸಿಗೆ ನಿಮೋನಿಯಾವನ್ನು ನಿರ್ಲಕ್ಷ್ಯ ಮಾಡುವ ಹಾಗಿಲ್ಲ.

ಸೋಮವಾರಪೇಟೆ ಮಂಜು:

ಅಕ್ಕ, ಒಪ್ಪಿದೆ. ಆದರೆ ಬೇಡದಿದ್ದರೂ ತಗೊಂಡರೆ ನಷ್ಟ ಏನು? ವೈರಸ್ ಸಾಯದಿದ್ದರೆ ಸಾಯದಿರಲಿ, ಮೈಗೇನಾದರೂ ಆಗುತ್ತದಾ? ಮತ್ತೆ ಅಜಿತ್ರೋ ಮೂರೇ ದಿನ, ಅಮಾಕ್ಸಿ ಮಾತ್ರ ದಿನಕ್ಕೆ ಮೂರು ಹೊತ್ತು ಯಾಕೆ?

ಗೋಣಿಕೊಪ್ಪ ಮೆಡಿಕಲ್ ಅಕ್ಕ:

ಮಂಜು, ಎರಡನೆಯದನ್ನು ಮೊದಲು ಹೇಳುತ್ತೇನೆ. ಅಮಾಕ್ಸಿಸಿಲಿನ್ ರಕ್ತದಲ್ಲಿ ಸುಮಾರು ಒಂದು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಕಿಡ್ನಿ ಅದನ್ನು ಬೇಗ ಹೊರಗೆ ಹಾಕುತ್ತದೆ. ಬ್ಯಾಕ್ಟೀರಿಯಾದ ಗೋಡೆ ಕೆಲಸ ನಿಲ್ಲಿಸಲು ಔಷಧಿ ಸಾಕಷ್ಟು ಹೊತ್ತು ಇರಬೇಕು. ಅದಕ್ಕೇ ಎಂಟು ಗಂಟೆಗೆ ಒಂದರಂತೆ ಮೂರು ಹೊತ್ತು. ಬೆಳಿಗ್ಗೆ ಮರೆತು ಮಧ್ಯಾಹ್ನ ಎರಡು ಒಟ್ಟಿಗೆ ನುಂಗಿದರೆ ಆ ಲೆಕ್ಕ ಕೂಡುವುದಿಲ್ಲ. ಅಜಿತ್ರೋಮೈಸಿನ್ ಅರ್ಧಕ್ಕೆ ಇಳಿಯಲು ಸುಮಾರು 68 ಗಂಟೆ ಬೇಕು. ಮೂರು ದಿನ ನುಂಗಿದ್ದು ಮೈಯಲ್ಲಿ ಇನ್ನೂ ಅನೇಕ ದಿನ ಉಳಿದಿರುತ್ತದೆ. ಕೋರ್ಸ್ ಚಿಕ್ಕದಾಗಿ ಕಾಣುವುದು ಅದಕ್ಕೆ.

ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ನಮ್ಮ ಕರುಳಿನಲ್ಲಿ, ಬಾಯಿಯಲ್ಲಿ, ಚರ್ಮದ ಮೇಲೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಸುಮ್ಮನೆ ಬದುಕಿವೆ. ಶೀತಕ್ಕೆ ಅಂತ ನುಂಗಿದ ಮಾತ್ರೆ ವೈರಸ್ಸನ್ನು ಮುಟ್ಟುವುದಿಲ್ಲ, ಇವುಗಳನ್ನು ಮುಟ್ಟುತ್ತದೆ. ತಾಗುವಂಥವು ಸಾಯುತ್ತವೆ. ಭೇದಿ ಆಗುವುದು ಹೀಗೆ. ಅಷ್ಟರಲ್ಲಿ ಯಾವುದೋ ಕೆಲವು ಆ ಔಷಧಿಗೆ ತಡೆದು ನಿಲ್ಲುವಂಥವು ಇರುತ್ತವೆ. ಕೆಲವಕ್ಕೆ ಪೆನಿಸಿಲಿನ್ನನ್ನೇ ಒಡೆಯುವ ಕಿಣ್ವ ಇದೆ. ಕೆಲವು ಒಳಗೆ ಬಂದ ಔಷಧಿಯನ್ನು ಹೊರಗೆ ತಳ್ಳುತ್ತವೆ. ಕೆಲವು ಔಷಧಿ ಕೂರುವ ಜಾಗವನ್ನೇ ಬದಲಾಯಿಸಿಕೊಂಡಿವೆ. ಉಳಿದವು ಸತ್ತಾಗ ಇವಕ್ಕೆ ಜಾಗ ಖಾಲಿ, ಹೆಚ್ಚುತ್ತವೆ. ಈ ಗುಣ ಮಕ್ಕಳು ಮರಿಗೆ ಮಾತ್ರ ಹೋಗುವುದಲ್ಲ. ಒಂದು ಬ್ಯಾಕ್ಟೀರಿಯಾ ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಪ್ಲಾಸ್ಮಿಡ್ ಅನ್ನುವ ಡಿಎನ್‌ಎ ಬಳೆಯ ಮೂಲಕ ಅದನ್ನು ದಾಟಿಸಬಲ್ಲದು. ಒಂದು ದಿನ ನಿಜವಾಗಿ ಮೂತ್ರದ ಸೋಂಕೋ ನಿಮೋನಿಯಾವೋ ಬಂದಾಗ ಹಳೆಯ ಮಾತ್ರೆ ಕೆಲಸ ಮಾಡುವುದಿಲ್ಲ. ತಗೊಂಡವರಿಗೆ ಮಾತ್ರ ಅಲ್ಲ, ಅದೇ ಮನೆಯ ಮಗುವಿಗೂ ಕೆಲಸ ಮಾಡದಿರಬಹುದು.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಇದನ್ನು ಹೇಳಿದ್ದರು. ಗಂಟಲು ನೋವಿಗೆ ತಾನೇ ಪೆನಿಸಿಲಿನ್ ಕೊಂಡು ಕಡಿಮೆ ಪ್ರಮಾಣದಲ್ಲಿ ತಗೊಳ್ಳುವ ಒಬ್ಬ ಮನುಷ್ಯನ ಉದಾಹರಣೆ ಕೊಟ್ಟಿದ್ದರು. ಅವನಿಂದ ಬಗ್ಗದ ಬ್ಯಾಕ್ಟೀರಿಯಾ ಅವನ ಹೆಂಡತಿಗೆ ಅಂಟುತ್ತದೆ, ಆಕೆಗೆ ಔಷಧಿ ಹಿಡಿಯುವುದಿಲ್ಲ ಅಂತ. 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು. ನನಗೆ ಇದನ್ನು ಓದಿದಾಗ ಬಹಳ ಸಂಕಟ ಆಯಿತು. ಕೌಂಟರ್ ಹಿಂದೆ ನಿಂತಿರುವವರಿಗೆ ಇದರಲ್ಲಿ ದೊಡ್ಡ ಜವಾಬ್ದಾರಿ ಇದೆ.

ಸ್ಟ್ರಿಪ್ ಹಿಂದೆ ಒಂದು ಕೆಂಪು ಗೆರೆ ನೋಡಿರುತ್ತೀರಿ. ಚೀಟಿ ಇಲ್ಲದೆ ಕೊಡಬಾರದ ಔಷಧಿ ಅಂತ ಅದರ ಅರ್ಥ. ಸೆಫಿಕ್ಸಿಮ್, ಲೀವೋಫ್ಲಾಕ್ಸಸಿನ್ ತರಹದವು ಶೆಡ್ಯೂಲ್ ಎಚ್1 ಅನ್ನುವ ಇನ್ನೂ ಬಿಗಿಯಾದ ಸರ್ಕಾರಿ ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಆ ನಿಯಮ ಇದೆ. ರೋಗಿಯ ಹೆಸರು, ಡಾಕ್ಟರ್ ಹೆಸರು, ಎಷ್ಟು ಕೊಟ್ಟೆವು ಎಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. "ಎರಡೇ ಮಾತ್ರೆ ಕೊಡಿ ಅಕ್ಕ, ಸಂತೆಯಿಂದ ಬಸ್ಸಿಗೆ ಹೊತ್ತಾಯ್ತು" ಅಂತ ಕೇಳುವವರಿಗೆ ನಾನು ಕೊಡುವುದಿಲ್ಲ. ಗುರುತಿನವರು ಮುಖ ಗಂಟು ಹಾಕಿಕೊಂಡು ಹೋಗುತ್ತಾರೆ, ಆದರೂ ಕೊಡುವುದಿಲ್ಲ.

ನಿವೃತ್ತ ಪಶುವೈದ್ಯ, ವಿರಾಜಪೇಟೆ:

ಅಕ್ಕ ಚೆನ್ನಾಗಿ ಹೇಳಿದ್ದಾರೆ. ದೊಡ್ಡಿ, ಕೊಟ್ಟಿಗೆ ಕಡೆಯದು ಎರಡು ಮಾತು ಸೇರಿಸುತ್ತೇನೆ.

ಲೆಪ್ಟೊಸ್ಪೈರಾ ಇಲಿಯಿಂದ ಮಾತ್ರ ಬರುವುದಲ್ಲ. ದನ, ಹಂದಿ, ನಾಯಿಯ ಮೂತ್ರದಲ್ಲೂ ಇರಬಹುದು. ಹಂದಿ ದೊಡ್ಡಿ ತೊಳೆಯುವವರು ಬರಿಗಾಲಲ್ಲಿ ಇಳಿಯಬಾರದು. ನಾಯಿಗೆ ಹಾಕಿಸುವ ವಾರ್ಷಿಕ ಲಸಿಕೆಯಲ್ಲಿ ಇದಕ್ಕೂ ಲಸಿಕೆ ಸೇರಿರುವುದು ಉಂಟು, ಕೇಳಿ ಹಾಕಿಸಿ.

ಎರಡನೆಯದು ಹಾಲು. ಹಸುವಿಗೆ ಕೆಚ್ಚಲು ಬಾವು ಬಂದು ಮೊಲೆಗೆ ಟ್ಯೂಬ್ ಹಾಕಿದರೆ, ಆ ಔಷಧಿಗೆ ಹೇಳಿದಷ್ಟು ದಿನ ಹಾಲನ್ನು ಮನೆಗೂ ಬಳಸಬೇಡಿ, ಡೇರಿಗೂ ಹಾಕಬೇಡಿ. ಹಂದಿ, ಕೋಳಿಗೂ ಹಾಗೇ. ಔಷಧಿ ಕೊಟ್ಟ ಮೇಲೆ ಹೇಳಿದ ದಿನ ಕಳೆಯದೆ ಮಾಂಸಕ್ಕೆ ಕೊಡಬಾರದು. ಮೊದಲೆಲ್ಲ ಕೋಳಿ ಬೇಗ ಮೈ ತುಂಬಲಿ ಅಂತ ಆಹಾರಕ್ಕೆ ಕೊಲಿಸ್ಟಿನ್ ಸೇರಿಸುತ್ತಿದ್ದರು. ಮನುಷ್ಯರಲ್ಲಿ ಬೇರೆ ಏನೂ ಹಿಡಿಯದಾಗ ಕೊನೆಗೆ ಕೊಡುವ ಔಷಧಿ ಅದು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧ ಮಾಡಿತು. ಬಹಳ ಒಳ್ಳೆಯ ಕೆಲಸ.

ಕುಶಾಲನಗರ ಟೀಚರ್:

ಅಕ್ಕ, ನನ್ನದೂ ಒಂದು. ಚಿಕ್ಕಮ್ಮನಿಗೆ ಮತ್ತೆ ಮತ್ತೆ ಉರಿಮೂತ್ರ. ಈ ಸಲ ಡಾಕ್ಟರ್ ಮಾತ್ರೆ ಕೊಡುವ ಮೊದಲು ಮೂತ್ರದ ಕಲ್ಚರ್ ಮಾಡಿಸಿ ಅಂದಿದ್ದಾರೆ. ರಿಪೋರ್ಟ್‌ಗೆ ಎರಡು ಮೂರು ದಿನ ಬೇಕಂತೆ. ಅಷ್ಟು ದಿನ ಯಾಕೆ? ಹಳೆಯ ಚೀಟಿಯ ಮಾತ್ರೆ ಶುರು ಮಾಡಬಹುದಾ?

ಇನ್ನೊಂದು, ಕೊಡಗಿನ ಕಕ್ಕಡ ತಿಂಗಳ 18ನೇ ದಿನ ಬಂತು. ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದಲ್ಲ. ಅದು ಒಳಗಿನ ಸೋಂಕೆಲ್ಲ ಹೊರಗೆ ಹೋಗುವ ಲಕ್ಷಣ ಅನ್ನುತ್ತಾರೆ ಚಿಕ್ಕಮ್ಮ.

ಗೋಣಿಕೊಪ್ಪ ಮೆಡಿಕಲ್ ಅಕ್ಕ:

ಟೀಚರೇ, ಕಲ್ಚರ್ ಹೇಗೆ ಮಾಡುತ್ತಾರೆ ಅಂತ ತಿಳಿದರೆ ಆ ಎರಡು ದಿನ ಜಾಸ್ತಿ ಅನ್ನಿಸುವುದಿಲ್ಲ. ಮೂತ್ರದ ಸ್ವಲ್ಪ ಭಾಗವನ್ನು ಪೋಷಕಾಂಶ ಇರುವ ತಟ್ಟೆಯ ಮೇಲೆ ಹಚ್ಚಿ ಬೆಚ್ಚಗೆ ಇಡುತ್ತಾರೆ. ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವಷ್ಟು ಬೆಳೆಯಲು ಒಂದು ದಿನ ಬೇಕು. ಉರಿಮೂತ್ರದಲ್ಲಿ ಬಹಳ ಸಲ ಸಿಗುವುದು ಇ ಕೋಲೈ. ಆಮೇಲೆ ಅದನ್ನು ಇನ್ನೊಂದು ತಟ್ಟೆ ತುಂಬ ಹರಡಿ, ಮೇಲೆ ಬೇರೆ ಬೇರೆ ಔಷಧಿ ಹೀರಿಸಿದ ಸಣ್ಣ ಕಾಗದದ ಬಿಲ್ಲೆ ಇಡುತ್ತಾರೆ. ಮಾರನೇ ದಿನ ನೋಡಿದರೆ, ಯಾವ ಔಷಧಿ ತಾಗುತ್ತದೋ ಆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಉಂಗುರ ಇರುತ್ತದೆ. ತಾಗದ ಔಷಧಿಯ ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತದೆ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಫ್ಲೆಮಿಂಗ್ ಕಂಡದ್ದೂ ಇಂಥದ್ದೇ ಖಾಲಿ ಜಾಗವನ್ನು, ಬೂಷ್ಟು ಬಿದ್ದ ತಟ್ಟೆಯಲ್ಲಿ ಆ ಬೂಷ್ಟಿನ ಸುತ್ತ. ಇವತ್ತಿಗೂ ಅದೇ ತತ್ವದ ಮೇಲೆ ಚಿಕ್ಕಮ್ಮನ ರಿಪೋರ್ಟ್ ಬರುತ್ತದೆ. ಎಸ್ ಅಂತ ಇದ್ದರೆ ತಾಗುತ್ತದೆ, ಆರ್ ಅಂತ ಇದ್ದರೆ ಇಲ್ಲ. ಎಸ್ ಇರುವುದರಲ್ಲಿ ಯಾವುದು ಅವರ ವಯಸ್ಸಿಗೆ, ಕಿಡ್ನಿಗೆ ಹೊಂದುತ್ತದೆ ಅಂತ ಡಾಕ್ಟರ್ ಆರಿಸುತ್ತಾರೆ.

ಹಳೆಯ ಚೀಟಿಯ ಮಾತ್ರೆ ಬೇಡ. ಸ್ಯಾಂಪಲ್ ಕೊಡುವ ಮೊದಲು ಒಂದು ಡೋಸ್ ನುಂಗಿದರೂ ತಟ್ಟೆಯಲ್ಲಿ ಏನೂ ಬೆಳೆಯದೇ ಇರಬಹುದು, ಸೋಂಕು ಮಾತ್ರ ಒಳಗೆ ಇರುತ್ತದೆ. ಲ್ಯಾಬಿನಿಂದ ತಂದ ಶುದ್ಧ ಬಾಟಲಿಯಲ್ಲೇ ಹಿಡಿಯಬೇಕು. ಮೊದಲ ಸ್ವಲ್ಪ ಬಿಟ್ಟು ಮಧ್ಯದ್ದನ್ನು ಹಿಡಿಯಿರಿ. ಎರಡು ಗಂಟೆಯ ಒಳಗೆ ಲ್ಯಾಬ್ ಮುಟ್ಟಿಸಿ, ಆಗದಿದ್ದರೆ ಫ್ರಿಡ್ಜಿನಲ್ಲಿಡಿ. ಚಳಿ ಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ ಶುರುವಾದರೆ ರಿಪೋರ್ಟ್‌ಗೆ ಕಾಯಬೇಡಿ. ಸ್ಯಾಂಪಲ್ ಕೊಟ್ಟು ಕೂಡಲೇ ಡಾಕ್ಟರ್ ಹತ್ತಿರ ಹೋಗಿ. ಅವರು ಅಂದಾಜಿನ ಮೇಲೆ ಶುರು ಮಾಡಿ, ರಿಪೋರ್ಟ್ ನೋಡಿ ಬದಲಾಯಿಸುತ್ತಾರೆ.

ಮದ್ದು ಸೊಪ್ಪು ನಮ್ಮ ಮನೆಯಲ್ಲೂ ಪ್ರತಿ ವರ್ಷ ಆಗುತ್ತದೆ. ಆ ಬಣ್ಣ, ಆ ಪರಿಮಳ ಇಲ್ಲದೆ ಕಕ್ಕಡ ಕಳೆಯುವುದೇ ಇಲ್ಲ. ಮೂತ್ರದ ಕೆಂಪು ಸೊಪ್ಪಿನ ಬಣ್ಣ, ಸೋಂಕಿನದಲ್ಲ. ಪ್ರೀತಿಯಿಂದ ತಿನ್ನಿ, ಚಿಕ್ಕಮ್ಮನ ಮಾತ್ರೆಯ ಜಾಗದಲ್ಲಿ ಮಾತ್ರ ಇಡಬೇಡಿ. ಬಣ್ಣದ ಮಾತು ಬಂದದ್ದಕ್ಕೆ ಇನ್ನೊಂದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ ಮೂತ್ರವನ್ನು ಕಿತ್ತಳೆ ಕೆಂಪು ಮಾಡುತ್ತದೆ. ಅದನ್ನು ನೋಡಿ ರಕ್ತ ಅಂತ ಹೆದರಿ ಮಾತ್ರೆ ಬಿಡುವವರಿದ್ದಾರೆ. ಕ್ಷಯದ ಬ್ಯಾಕ್ಟೀರಿಯಾ ಬಹಳ ನಿಧಾನ ಬೆಳೆಯುವಂಥದ್ದು, ಸಾಮಾನ್ಯ ಕ್ಷಯಕ್ಕೇ ಆರು ತಿಂಗಳ ಚಿಕಿತ್ಸೆ ಬೇಕು. ನಿಮ್ಮ ಸುತ್ತ ಯಾರಾದರೂ ಆ ಮಾತ್ರೆಯಲ್ಲಿದ್ದರೆ ಕೆಂಪು ಬಣ್ಣ ಸಹಜ ಅಂತ ಧೈರ್ಯ ಹೇಳಿ.

ಎಲ್ಲ ಕೋರ್ಸೂ ಉದ್ದ ಇರಬೇಕು ಅಂತ ಅಲ್ಲ. ಈಗ ಸಾದಾ ನಿಮೋನಿಯಾಕ್ಕೆ, ರೋಗಿ ಚೇತರಿಸಿಕೊಂಡಿದ್ದರೆ ಐದು ದಿನ ಸಾಕು ಅಂತ ಡಾಕ್ಟರುಗಳೇ ಕಡಿಮೆ ಮಾಡಿದ್ದಾರೆ. ಬೇಡದಷ್ಟು ದಿನ ಕೊಡುವುದೂ ಕರುಳಿನ ಬ್ಯಾಕ್ಟೀರಿಯಾಕ್ಕೆ ಪೆಟ್ಟು. ಆದರೆ ಯಾವ ರೋಗಕ್ಕೆ ಎಷ್ಟು ದಿನ ಅಂತ ಪ್ರಯೋಗ ಮಾಡಿ ನೋಡಿದ ಲೆಕ್ಕ ಅದು. ಬೇಗ ಗುಣ ಅನ್ನಿಸಿದರೆ ಫೋನ್ ಮಾಡಿ ಡಾಕ್ಟರನ್ನು ಕೇಳಿ, ಅವರು ನಿಲ್ಲಿಸಿ ಅಂದರೆ ನಿಲ್ಲಿಸಿ.

ನಾಪೋಕ್ಲು ತೋಟದವನು:

ಅಕ್ಕ, ತುಂಬ ಉಪಕಾರ ಆಯಿತು. ನೀವು ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಬೋರ್ಡೋ, ಬೋರರ್ ಮಾತು ಬಂದ ಕೂಡಲೇ ಅವರಿಗೆ ವಿಷಯ ಪೂರ್ತಿ ಹಿಡಿಯಿತು. ಜ್ವರ ಬಿಟ್ಟಿದೆ, ಕೆಮ್ಮು ಸ್ವಲ್ಪ ಇದೆ. ಹುಡುಗ ಮಾತ್ರೆ ಮುಂದುವರಿಸುತ್ತಿದ್ದಾನೆ, ರಾತ್ರಿಯದನ್ನು ಈಗ ಊಟಕ್ಕೆ ಕೂತಾಗಲೇ ನುಂಗುತ್ತಾನೆ. ರಕ್ತದ ರಿಪೋರ್ಟಿನಲ್ಲಿ ಇಲಿ ಜ್ವರವೇ ಅಂತ ಬಂತು.

ನಾಟಿ ಇನ್ನೂ ಒಂದು ಗದ್ದೆ ಬಾಕಿ. ಉಳಿದವರಿಗೆ ಮುಂಚೆಯೇ ಡಾಕ್ಸಿ ಕೊಟ್ಟುಬಿಡಬಹುದಾ? ಕೇರಳದಲ್ಲಿ ನೆರೆ ಬಂದಾಗ ಹಂಚಿದ್ದರು ಅಂತ ಕೇಳಿದ್ದೇನೆ.

ಗೋಣಿಕೊಪ್ಪ ಮೆಡಿಕಲ್ ಅಕ್ಕ:

ಸಂತೋಷ ಆಯಿತು ಅಣ್ಣ. ಹೌದು, 2018ರ ನೆರೆಯ ಸಮಯದಲ್ಲಿ ಕೇರಳದ ಆರೋಗ್ಯ ಇಲಾಖೆ ನೆರೆ ನೀರಿನಲ್ಲಿ ಓಡಾಡಿದವರಿಗೆ ವಾರಕ್ಕೆ ಒಮ್ಮೆ 200 ಮಿಲಿಗ್ರಾಂ ಡಾಕ್ಸಿ ಕೊಟ್ಟಿತ್ತು. ಆದರೆ ಅದು ಇಲಾಖೆಯೇ ನೋಡಿ ಮಾಡಿದ ತೀರ್ಮಾನ. ನೀವು ಒಂದು ಬಾಕ್ಸ್ ತಂದು ಹಂಚಬೇಡಿ. ಹೆಣ್ಣಾಳುಗಳಲ್ಲಿ ಗರ್ಭಿಣಿಯರು ಇರಬಹುದು, ಯಾರಿಗೋ ಅಲರ್ಜಿ ಇರಬಹುದು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಹೇಳಿ. ಒಂದು ಕೇಸ್ ಗಟ್ಟಿಯಾಗಿದೆ, ಇಷ್ಟು ಜನ ಅದೇ ಗದ್ದೆಗೆ ಇಳಿದಿದ್ದಾರೆ ಅಂದರೆ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಅವರೇ ನೋಡುತ್ತಾರೆ.

ಅಲ್ಲಿಯವರೆಗೆ ಗಾಯ ಇದ್ದವರನ್ನು ಕೆಸರಿಗೆ ಇಳಿಸಬೇಡಿ, ಗದ್ದೆಯ ಬದು ಕೆಲಸ ಕೊಡಿ. ಉಳಿದವರಿಗೆ ಗಮ್ ಬೂಟ್. ಸಂಜೆ ಸೋಪು ಹಾಕಿ ಕೈಕಾಲು ತೊಳೆಯಲಿ. ಲೈನ್ ಮನೆಯಲ್ಲಿ ಅಕ್ಕಿ, ಅನ್ನ ಮುಚ್ಚಿಡಲಿ, ಇಲಿ ಬರುವುದೇ ಅದಕ್ಕೆ. ಈ ಜ್ವರ ನೀರಿಗೆ ಇಳಿದ ಎರಡು ದಿನಕ್ಕೂ ಬರಬಹುದು, ಒಂದು ತಿಂಗಳಿಗೂ ಬರಬಹುದು, ಹೆಚ್ಚಾಗಿ ಒಂದೆರಡು ವಾರದೊಳಗೆ. ಆಗ ನಾಟಿ ಮುಗಿದು ಎಲ್ಲರಿಗೂ ಗದ್ದೆ ಮರೆತಿರುತ್ತದೆ. ಜ್ವರ ಅಂತ ಯಾರೇ ಆಸ್ಪತ್ರೆಗೆ ಹೋದರೂ ಗದ್ದೆಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಲಿ.